ಪಕ್ಕದಲ್ಲಿ ಮಲಗಿದ್ದವರ ಸಾಕ್ಷಿ

ಸಂಡೂರು
ಸೋಮವಾರ, ೧೧ ನವೆಂಬರ್ ೨೦೨೪

ಕಾವ್ಯಳ ಅಪ್ಪನವರಿಗೆ,

ಗಂಗಾಂಬಿಕಾ ಬರೆಯುತ್ತಿದ್ದೇನೆ. ಚೆನ್ನಾಗಿದ್ದೇನೆ ಎಂದು ಶುರು ಮಾಡಿದರೆ ಮುಂದಿನ ಸಾಲಿನಲ್ಲೇ ಸಿಕ್ಕಿಬೀಳುತ್ತೇನೆ, ಹಾಗಾಗಿ ಆ ಸಾಲನ್ನೇ ಬಿಟ್ಟಿದ್ದೇನೆ. ನೀವು ಕಂಪ್ಲಿಯಲ್ಲಿ, ನಾನು ಸಂಡೂರಿನಲ್ಲಿ ಅಂತಾಗಿ ನಾಲ್ಕು ವರ್ಷವಾಯಿತು. ಮಗಳ ಪರೀಕ್ಷೆ, ಮಗಳ ಜ್ವರ, ಮಗಳ ಹಾಸ್ಟೆಲ್ಲು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ. ಈಗ ಒಂದು ಬಂದಿದೆ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀರಿ. ನಿಮ್ಮ ಫೋನು ಇರುವುದು ಗುಮಾಸ್ತ ಎರ್ರೆಪ್ಪನ ಜೇಬಿನಲ್ಲಿ. ನಾನು ಮೆಸೇಜು ಕಳಿಸಿದರೆ ಅವನು ಅದನ್ನು ಭತ್ತದ ದರದ ಜೊತೆ ಸೇರಿಸಿ ಇಡೀ ಮಿಲ್ಲಿಗೆ ಕೇಳುವಂತೆ ಓದುತ್ತಾನೆ. ಈ ವಿಷಯ ಹಾಗೆ ಓದಿಸಿಕೊಳ್ಳುವಂಥದ್ದಲ್ಲ. ನಮ್ಮ ಓಣಿಯ ಪಕೀರಮ್ಮ ತವರಿಗೆ, ಎಮ್ಮಿಗನೂರಿಗೆ ಹೊರಟಿದ್ದಾಳೆ. ಕಂಪ್ಲಿಯಲ್ಲಿ ಇಳಿದು ನಿಮ್ಮ ಕೈಗೇ ಕೊಡಬೇಕೆಂದು ಹೇಳಿ ಕಳಿಸುತ್ತಿದ್ದೇನೆ.

ನನಗೆ ನಿಮ್ಮಿಂದ ಒಂದು ಸಾಕ್ಷಿ ಬೇಕು. ನಾನು ನಿದ್ದೆಯಲ್ಲಿ ಹೇಗಿರುತ್ತೇನೆ ಎಂದು ಈ ಭೂಮಿಯ ಮೇಲೆ ಬಲ್ಲವರು ನೀವೊಬ್ಬರೇ. ಬರೆಯುವಾಗಲೇ ಸಿಟ್ಟು ಬರುತ್ತಿದೆ, ಆದರೂ ಅದು ನಿಜ.

ನನಗಿರುವುದು ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ. ಹೊಸಪೇಟೆಯ ಕಿವಿ ಮೂಗು ಗಂಟಲಿನ ಡಾಕ್ಟರು ಸ್ಲೀಪ್ ಆಪ್ನಿಯ ಎಂದರು. ಮಲಗಿದಾಗ ಗಂಟಲಿನ ಒಳಗಿನ ಮಾಂಸ ಸಡಿಲಾಗಿ ಉಸಿರಿನ ದಾರಿಗೆ ಅಡ್ಡ ಬೀಳುತ್ತದೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ, ಮತ್ತೆ ಮಲಗಿದರೆ ಮತ್ತೆ ಅದೇ. ಬೆಳಗಿನವರೆಗೆ ಇದೇ ನಡೆದರೂ ನಮಗೆ ಗೊತ್ತೇ ಆಗುವುದಿಲ್ಲವಂತೆ. ಹಗಲಿನಲ್ಲಿ ಮಾತ್ರ ಗೊತ್ತಾಗುತ್ತದೆ. ಚೋರನೂರಿನ ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ಪ್ರಮೇಯ ಬರೆಯುತ್ತಾ ನಿಂತಲ್ಲೇ ತೂಕಡಿಸಿದೆ. ಚಾಕ್‌ಪೀಸು ಹಲಗೆಯ ಬುಡದವರೆಗೆ ಗೆರೆ ಎಳೆದುಕೊಂಡು ಹೋಯಿತು. ಹಿಂದಿನ ಬೆಂಚಿನ ಹುಡುಗಿ "ಟೀಚರ್, ತ್ರಿಕೋನಕ್ಕ ಬಾಲ ಬಂತ್ರಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸ್ಟಾಫ್ ರೂಮಿಗೆ ಬಂದು ಮುಖಕ್ಕೆ ನೀರು ಹಾಕಿಕೊಂಡೆ. ಈಗ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಸ್ಕೂಟರು ರಿಪೇರಿಯಲ್ಲಿದೆ.

ಆಪರೇಷನ್ ಮಾಡಿಸಿಕೊಳ್ಳಬೇಕೆಂದಿದ್ದೇನೆ. ಯಾವುದು ಎನ್ನುವುದೇ ತಲೆನೋವು. ಒಂದರಲ್ಲಿ ಅಂಗುಳಿನ ಹಿಂಭಾಗವನ್ನೂ ಕಿರುನಾಲಿಗೆಯನ್ನೂ ಕತ್ತರಿಸಿ ಹೊಲಿಯುತ್ತಾರೆ. ಅದು ಹೊಸಪೇಟೆಯಲ್ಲೇ ಆಗುತ್ತದೆ. ಕೆಲವು ದಿನ ಉಗುಳು ನುಂಗಲೂ ಉರಿ, ಕೆಲವರಿಗೆ ನೀರು ಕುಡಿದರೆ ಮೂಗಿನಿಂದ ಬರುತ್ತದೆ, ದನಿಯೂ ತುಸು ಬದಲಾಗಬಹುದು. ಇಷ್ಟಾದರೂ ಎಲ್ಲರಿಗೂ ಗುಣವಾಗುವುದಿಲ್ಲ, ಗುಣವಾದವರಲ್ಲೂ ಕೆಲವರಿಗೆ ಮರಳಿ ಬರುತ್ತದೆ. ಇನ್ನೊಂದು ದವಡೆಯದು. ಮೇಲಿನ ದವಡೆ, ಕೆಳಗಿನ ದವಡೆ ಎರಡನ್ನೂ ಕೊಯ್ದು ಮುಂದಕ್ಕೆ ತಂದು ಕೂರಿಸುತ್ತಾರೆ, ಉಸಿರಿಗೆ ದಾರಿ ಅಗಲವಾಗುತ್ತದೆ. ಗುಣ ಹೆಚ್ಚು. ಬೆಂಗಳೂರಿಗೆ ಹೋಗಬೇಕು, ಆಮೇಲೆ ಬಹಳ ದಿನ ಗಂಜಿಯೇ ಊಟ, ಮುಖದ ಆಕಾರವೂ ಬದಲಾಗುತ್ತದೆ. ಕಾವ್ಯಳಿಗೆ ಹೇಳಿದರೆ ಧಾರವಾಡದಿಂದ ವಿಡಿಯೋದಲ್ಲಿ "ಅವ್ವಾ, ಬ್ಯಾರೆ ಮಾರಿ ಹಾಕ್ಕೊಂಡು ಬಂದ್ರ ನಾ ಯಾರನ್ನ ಅವ್ವ ಅನ್ನಲಿ" ಎಂದಳು. ನಾಲಿಗೆಯ ನರವನ್ನು ತಟ್ಟಿ ಎಬ್ಬಿಸುವ ಸಾಧನವೊಂದನ್ನು ಎದೆಯ ಚರ್ಮದ ಕೆಳಗೆ ಇಡುವುದೂ ಇದೆಯಂತೆ. ಅದು ನಮ್ಮ ಕಡೆ ಸುಲಭಕ್ಕೆ ಸಿಗುವಂಥದ್ದಲ್ಲ.

ಕತ್ತರಿಸದೆ ಮಾಡುವುದಾದರೆ ಒಂದು ಯಂತ್ರವೂ ಇದೆ. ಮೂಗಿಗೆ ಮುಖವಾಡ, ಅದಕ್ಕೆ ಆನೆಯ ಸೊಂಡಿಲಿನಂಥ ಕೊಳವೆ. ಅದು ರಾತ್ರಿಯೆಲ್ಲ ಗಾಳಿ ಊದುತ್ತದೆ. ಅದು ನನಗೆ ಆಗುವುದಿಲ್ಲ. ಸಂಡೂರಿನ ಅದಿರು ಧೂಳಿಗೆ ಕಿಟಕಿಯ ಸರಳು ಒರೆಸಿದರೂ ಬಟ್ಟೆ ಕೆಂಪಾಗುತ್ತದೆ, ಆ ಯಂತ್ರದ ಗಾಳಿ ಸೋಸುವ ಜಾಳಿಗೆ ಎಷ್ಟು ದಿನ ತಡೆದೀತು? ಕರೆಂಟು ಬೇರೆ ಹೇಳಿ ಕೇಳಿ ಹೋಗುವುದಿಲ್ಲ. ಒಮ್ಮೆ ಕೊಯ್ಸಿಕೊಂಡು ಮುಗಿಸಿಬಿಡುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. ಡಿಸೆಂಬರಿನಲ್ಲಿ ಒಂದು ದಿನವನ್ನೂ ಗೊತ್ತು ಮಾಡಿಸಿದೆ.

ಅಷ್ಟರಲ್ಲಿ ಪರೀಕ್ಷೆಯ ವರದಿ ಬಂದು ಎಲ್ಲವನ್ನೂ ಕೆಡಿಸಿತು. ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆ ಅದು. ಬೆರಳಿಗೊಂದು ಚಿಮಟ, ಮೂಗಿಗೊಂದು ನಳಿಕೆ, ಎದೆಗೊಂದು ಪಟ್ಟಿ. ಎಲ್ಲವನ್ನೂ ಹೇಳಿದಂತೆಯೇ ಹಾಕಿಕೊಂಡೆ. ಪಟ್ಟಿಯನ್ನು ಮಾತ್ರ ಎದೆಯ ಮೇಲಿನ ಇಷ್ಟಲಿಂಗದ ಮೇಲೆ ಬಿಗಿಯಲು ಮನಸ್ಸಾಗದೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ. ವರದಿಯಲ್ಲಿ ಬಂದಿದ್ದು ಏನೆಂದರೆ, ಉಸಿರು ನಿಂತಾಗ ನನ್ನ ಎದೆಯೂ ಅಲುಗಿಲ್ಲ. ಹಾಗೆಂದರೆ ಗಂಟಲಿನದು ತಪ್ಪಲ್ಲ, ಉಸಿರಾಡು ಎಂದು ಹೇಳುವುದನ್ನು ಮಿದುಳೇ ಮರೆಯುತ್ತಿದೆ ಎಂದು ಅರ್ಥ. ಅದಕ್ಕೆ ಗಂಟಲು ಕೊಯ್ದರೂ ಅಷ್ಟೇ, ದವಡೆ ಕೊಯ್ದರೂ ಅಷ್ಟೇ. ಮೊದಲು ಹೃದಯ, ತಲೆ ಎಲ್ಲ ನೋಡಿಸಬೇಕು.

ಆದರೆ ಡಾಕ್ಟರಿಗೂ ನಂಬಿಕೆ ಬರಲಿಲ್ಲ. ನನ್ನ ಗಂಟಲು ಅಷ್ಟು ಕಿರಿದಾಗಿದೆಯಂತೆ. "ಬಾಜೂಕ ಮಲಗೋರನ್ನ ಒಂದ್ಸಲ ಕರ್ಕೊಂಡು ಬರ್ರಿ. ಉಸಿರು ನಿಂತಾಗ ಎದಿ ಆಡ್ತಿತ್ತೋ ಇಲ್ಲೋ, ಅವರು ಹೇಳಿದ್ರ ಭಾಳ ಅನುಕೂಲ" ಎಂದರು. ಬಾಜೂಕ ಯಾರೂ ಇಲ್ರಿ ಎಂದೆ. ಹೇಳುವಾಗ ಸಂಕಟವಾಯಿತು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮಲಗಲು ಭಯ. ಮಲಗದಿದ್ದರೆ ಹಗಲು ಭಯ. ಈ ಪತ್ರ ಬರೆಯುವಾಗಲೂ ಎದ್ದು ಗ್ಯಾಸು ಆರಿದೆಯೇ ಎಂದು ನೋಡಿ ಬಂದೆ. ಚಹಾ ಮಾಡಿಯೇ ಇರಲಿಲ್ಲ.

ನೀವು ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಿರಿ, ನೆನಪಿದೆಯೇ? ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಅಲ್ಲಾಡಿಸುವುದು. ನನ್ನ ಗೊರಕೆ ನಿಮಗೆ ಅಷ್ಟು ಅಸಹ್ಯ ಎಂದು ನನಗೆ ಅಳುವೇ ಬರುತ್ತಿತ್ತು. ಬುಕ್ಕಸಾಗರದಲ್ಲಿ ನಿಮ್ಮ ತಮ್ಮನ ಗೃಹಪ್ರವೇಶಕ್ಕೆ ಹೋದಾಗ ಪಂಕ್ತಿಯಲ್ಲಿ ಕೂತು "ನಮ್ಮ ಮನ್ಯಾಗ ಎರಡು ಮಿಲ್ಲು ಅದಾವ, ಒಂದು ಹಗಲಿ ನಡಿತೈತಿ, ಇನ್ನೊಂದು ರಾತ್ರಿ" ಎಂದಿರಿ. ಬಡಿಸುತ್ತಿದ್ದ ನನ್ನ ಕೈಯಲ್ಲಿ ಹೋಳಿಗೆಯ ತಟ್ಟೆ ಇತ್ತು. ಅತ್ತೆಯೂ ಸೆರಗು ಅಡ್ಡ ಹಿಡಿದು ನಕ್ಕರು. ಆ ವಾರವೇ ನೀವು ಹಾಸಿಗೆಯನ್ನು ಮಿಲ್ಲಿನ ಕೋಣೆಗೆ ಸಾಗಿಸಿದಿರಿ. ಮುಂದಿನ ವರ್ಷ ನಾನು ವರ್ಗಾವಣೆ ಕೇಳಿದೆ. ಅದನ್ನೆಲ್ಲ ಈಗ ಕೆದಕುವುದಿಲ್ಲ.

ಕೇಳುವುದು ಇಷ್ಟೇ. ಗೊರಕೆ ತಟ್ಟನೆ ನಿಂತಾಗ ನನ್ನ ಎದೆ ಆಡುತ್ತಿತ್ತೇ, ಇಲ್ಲ ಕೊರಡಿನಂತೆ ಬಿದ್ದಿರುತ್ತಿದ್ದೆನೇ? ನೋಡಿಲ್ಲದಿದ್ದರೆ ನೋಡಿಲ್ಲ ಎಂದೇ ಬರೆಯಿರಿ. ನನಗೆ ಸಮಾಧಾನವಾಗಲಿ ಎಂದು ಏನೋ ಒಂದು ಬರೆಯಬೇಡಿ. ಇಪ್ಪತ್ತೈದಕ್ಕೆ ಡಾಕ್ಟರ ಬಳಿ ಹೋಗಬೇಕು.

ಗಂಗಾಂಬಿಕಾ

ಮರೆತ ಮಾತು: ಸ್ಕೂಟರು ತಾನಾಗಿ ಕೆಟ್ಟಿದ್ದಲ್ಲ. ಚೋರನೂರಿನಿಂದ ಬರುವಾಗ ಅದಿರು ಲಾರಿಯ ಹಾರ್ನಿಗೆ ಎಚ್ಚರವಾಯಿತು. ಎಚ್ಚರವಾದಾಗ ನಾನು ರಸ್ತೆಯ ಬಲಗಡೆ ಇದ್ದೆ. ತಗ್ಗಿಗೆ ಇಳಿದು ಉಳಿದುಕೊಂಡೆ. ಕಾವ್ಯಳಿಗೆ ಹೇಳಬೇಡಿ.

—

ಕಂಪ್ಲಿ
ಶುಕ್ರವಾರ, ೧೫ ನವೆಂಬರ್

ಗಂಗಾ,

ಪಕೀರಮ್ಮ ಕೈಗೇ ಕೊಟ್ಟಳು. ಎರ್ರೆಪ್ಪ ಕತ್ತು ಉದ್ದ ಮಾಡಿದ, ಬೈದು ಗೋಡೌನಿಗೆ ಅಟ್ಟಿದೆ. ಪತ್ರ ಬರೆದು ನನಗೆ ಅಭ್ಯಾಸವಿಲ್ಲ. ಲಾರಿ ಡ್ರೈವರನಿಗೆ ಚೀಟಿ ಬರೆದ ಹಾಗಿದ್ದರೆ ಸಿಟ್ಟಾಗಬೇಡ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ನೋಡಿದ್ದೇನೆ. ಒಂದು ಸಲವಲ್ಲ, ವರ್ಷಗಟ್ಟಲೆ ನೋಡಿದ್ದೇನೆ. ಉಸಿರು ನಿಂತಾಗ ನಿನ್ನ ಎದೆ ಸುಮ್ಮನಿರುತ್ತಿರಲಿಲ್ಲ. ಎದೆ, ಹೊಟ್ಟೆ ಎರಡೂ ಎತ್ತಿ ಎತ್ತಿ ಹಾಕುತ್ತಿದ್ದವು, ಕತ್ತಿನ ಕುಳಿ ಒಳಗೆ ಹೋಗುತ್ತಿತ್ತು. ಗಾಳಿ ಮಾತ್ರ ಇಲ್ಲ. ಹಸಿ ಭತ್ತ ಬಂದು ಕೊಳವೆ ಕಟ್ಟಿಕೊಂಡಾಗ ಮೋಟರು ಎಳೆಯುತ್ತಲೇ ಇರುತ್ತದೆ, ಕಾಳು ಇಳಿಯುವುದಿಲ್ಲ, ಹಾಗೆ. ಹಗಲು ಹೊತ್ತು ಊಟವಾದ ಮೇಲೆ ಪಡಸಾಲೆಯಲ್ಲಿ ಅಡ್ಡಾದಾಗಲೂ ಹಾಗೇ ಆಗುತ್ತಿತ್ತು. ಅವ್ವನೂ ನೋಡಿದ್ದಾಳೆ. ಬೇಕಾದರೆ ಆಣೆ ಮಾಡುತ್ತೇನೆ.

ಇನ್ನು ಆ ಪಟ್ಟಿ. ನೀನು ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ ಎಂದು ಬರೆದಿದ್ದೀಯ. ನಿನ್ನ ಸ್ವಲ್ಪ ಎಷ್ಟು ಎಂದು ನನಗೆ ಗೊತ್ತು. ಕಾರಿನ ಬೆಲ್ಟನ್ನೇ ಎದೆಯ ಮೇಲೆ ಬರಗೊಡದವಳು ನೀನು. ಲಿಂಗಕ್ಕೆ ಒತ್ತುತ್ತದೆ ಎಂದು ಅದನ್ನು ಕಂಕುಳ ಕೆಳಗೆ ತೂರಿಸಿಕೊಂಡು ಕೂರುತ್ತಿದ್ದೆ. ನಾನು ಗಂಗಾವತಿವರೆಗೂ ಬೈದುಕೊಂಡು ಹೋಗುತ್ತಿದ್ದೆ, ನೀನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಪಟ್ಟಿ ಮೈಗೆ ಹತ್ತದಿದ್ದರೆ ಎದೆ ಆಡಿದ್ದು ಅದಕ್ಕೆ ಹೇಗೆ ತಿಳಿಯಬೇಕು? ಇದನ್ನು ಡಾಕ್ಟರಿಗೆ ಹೇಳಿದೆಯಾ? ಹೇಳಿರುವುದಿಲ್ಲ. ಹೇಳಿದರೆ ಅವರು ಲಿಂಗ ತೆಗೆದಿಡು ಎಂದುಬಿಟ್ಟರೆ ಎಂದು ಸುಮ್ಮನಿದ್ದೀಯ. ತೋಳಿಗೆ ಕಟ್ಟಿಕೋ. ಮೈಮೇಲಿದ್ದ ಹಾಗೂ ಆಯಿತು, ಪಟ್ಟಿ ಬಿಗಿದ ಹಾಗೂ ಆಯಿತು. ಅವ್ವನನ್ನು ಕೇಳಿದೆ, "ಹೂಂ ಮತ್ತ, ನಾ ಕಣ್ಣಿನ ಆಪರೇಷನ್‌ಗೆ ಹೋದಾಗ ಹಂಗ ಮಾಡಿದ್ದೆ. ಇಷ್ಟು ಓದಿದಾಕಿ, ಒಂದು ಮಾತು ಕೇಳಬಾರದಾ" ಎಂದಳು.

ಅಲ್ಲಾಡಿಸಿದ ಮಾತು. ನಾನು ನಿನ್ನನ್ನು ಗೊರಕೆಗೆ ಅಲ್ಲಾಡಿಸಿದ್ದಲ್ಲ. ಮಿಲ್ಲಿನ ಸದ್ದಿನಲ್ಲೇ ಹುಟ್ಟಿ ಬೆಳೆದವನಿಗೆ ಗೊರಕೆ ಯಾವ ಲೆಕ್ಕ? ಸದ್ದು ನಡೆಯುತ್ತಿದ್ದರೆ ನಮಗೆ ನಿದ್ದೆ, ಸದ್ದು ನಿಂತರೆ ಎಚ್ಚರ. ನಿನ್ನ ಸದ್ದು ನಿಂತಾಗ ನನಗೆ ಎಚ್ಚರವಾಗುತ್ತಿತ್ತು. ನೋಡಿದರೆ ನೀನು ಬಾಯಿ ತೆರೆದು ಗಾಳಿಗೆ ಒದ್ದಾಡುತ್ತಿರುತ್ತಿದ್ದೆ. ನಾನು ಹೆದರಿ ಅಲ್ಲಾಡಿಸುತ್ತಿದ್ದೆ. ಉಸಿರು ನಿಲ್ಲುತ್ತದೆ ಎಂದು ನಾನು ಹೇಳಿದರೆ ನೀನು "ನಿಂತ್ರ ನಿಮಗ ಆರಾಮ ಅಲ್ಲೇನು" ಎಂದು ಗೋಡೆಯ ಕಡೆ ತಿರುಗುತ್ತಿದ್ದೆ. ಬುಕ್ಕಸಾಗರದಲ್ಲಿ ಹಾಗೆ ನಗಿಸಿದ್ದು ನನ್ನ ಬಾಯಿ. ಅದಕ್ಕೆ ನೀನು ಏನು ಬೈದರೂ ಕೇಳುತ್ತೇನೆ.

ಕೊಯ್ಸಿಕೊಳ್ಳುವುದು ನಿನ್ನ ಇಷ್ಟ. ನನ್ನನ್ನು ಕೇಳಿದರೆ ಮುಖ ಮುಟ್ಟಿಸಬೇಡ. ಅದಕ್ಕೇನಾಗಿದೆ, ಚೆನ್ನಾಗಿಯೇ ಇದೆ. ಸ್ಕೂಟರಿಗೆ ಕೈ ಹಚ್ಚಿದರೆ ನಾನೇ ಬಂದು ಅದನ್ನು ಹೊಳೆಗೆ ನೂಕುತ್ತೇನೆ.

ಇಪ್ಪತ್ತೈದಕ್ಕೆ ಹೊಸಪೇಟೆಗೆ ಬರುತ್ತೇನೆ. ಸುಗ್ಗಿಯ ಭತ್ತ ಬಂದು ಬಿದ್ದಿದೆ, ಬೀಳಲಿ. ಡಾಕ್ಟರಿಗೆ ನಾನೇ ಹೇಳುತ್ತೇನೆ. ನೀನು ಮಾತಾಡಿಸದಿದ್ದರೂ ನಡೆಯುತ್ತದೆ.

ಕೊಟ್ರಯ್ಯ

ಇನ್ನೊಂದು: ಮಿಲ್ಲಿಗೆ ಹಾಸಿಗೆ ಸಾಗಿಸಿದ್ದು ಬೇಸರಕ್ಕಲ್ಲ. ಒಂದು ದಿನ ನೀನು ಕೈ ಮುಗಿದು, ದಿನಾ ಎಬ್ಬಿಸಬ್ಯಾಡ್ರಿ, ನನಗೊಂದಿಷ್ಟು ನಿದ್ದಿ ಮಾಡಗೊಡ್ರಿ ಎಂದೆ. ನಾನು ಅಲ್ಲಿ ಇಲ್ಲದಿದ್ದರೆ ನಿದ್ದೆ ಮಾಡುತ್ತೀಯ ಎಂದುಕೊಂಡೆ.

—

ಸಂಡೂರು
ಭಾನುವಾರ, ೮ ಡಿಸೆಂಬರ್

ನನ್ನವರಿಗೆ,

ಈ ಸಲ ಹೇಗೆ ಸಂಬೋಧಿಸುವುದೆಂದು ಒಂದು ಹಾಳೆ ಹರಿದೆ. ಇದೇ ಇರಲಿ.

ಹೊಸಪೇಟೆಯಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ. ನೀವು ಡಾಕ್ಟರ ಮುಂದೆ ಕುರ್ಚಿಯ ಅಂಚಿನಲ್ಲಿ ಕೂತು, ಕತ್ತಿನ ಕುಳಿ ಹೇಗೆ ಒಳಗೆ ಹೋಗುತ್ತಿತ್ತು ಎಂದು ನಿಮ್ಮ ಕತ್ತಿನಲ್ಲೇ ಮಾಡಿ ತೋರಿಸಿದಿರಿ. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ನಿಮ್ಮ ಕಡೆ ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಇಷ್ಟು ವರ್ಷ ನಾನು ಕಾಣದ ನನ್ನನ್ನು ನೀವು ಎದ್ದು ಕೂತು ನೋಡಿದ್ದೀರಿ. ಅದನ್ನು ನಾನು ತಿರಸ್ಕಾರ ಎಂದುಕೊಂಡಿದ್ದೆ. ನನಗೆ ಬಹಳ ದುಃಖವಾಗಿದೆ, ನಿಮ್ಮ ಮೇಲೆ ಸಿಟ್ಟೂ ಇದೆ. ಹಗಲಿನಲ್ಲಿ ಒಂದು ಸಲ ಕೂರಿಸಿಕೊಂಡು ಬಿಡಿಸಿ ಹೇಳಬಾರದಾಗಿತ್ತೇ?

ಲಿಂಗವನ್ನು ತೋಳಿಗೆ ಕಟ್ಟಿಕೊಂಡು, ಪಟ್ಟಿಯನ್ನು ಡಾಕ್ಟರು ಹೇಳಿದಷ್ಟು ಬಿಗಿದು ಎರಡನೆಯ ಪರೀಕ್ಷೆ ಮಾಡಿಕೊಂಡೆನಲ್ಲ, ಅದರ ವರದಿ ಬಂತು. ನೀವು ಹೇಳಿದ್ದೇ ನಿಜ. ಎದೆ ಆಡುತ್ತಿದೆ, ಮಿದುಳು ಏನನ್ನೂ ಮರೆತಿಲ್ಲ, ಕಟ್ಟಿಕೊಂಡಿರುವುದು ಗಂಟಲೇ. ಅಂದರೆ ಆಪರೇಷನ್ನಿಗೆ ಅಡ್ಡಿಯಿಲ್ಲ. ನನಗೆ ಬೇಕಾಗಿದ್ದೂ ಅದೇ. ಗೊತ್ತು ಮಾಡಿಸಿದ್ದ ಹನ್ನೆರಡನೆಯ ತಾರೀಖು ಇನ್ನೂ ನನ್ನ ಹೆಸರಿಗೇ ಇತ್ತು. ಖುಷಿಯಾಗಬೇಕಿತ್ತು, ಆಗಲಿಲ್ಲ.

ಆಮೇಲೆ ಅವರು ನನಗೆ ಮಂಪರು ಬರಿಸಿ, ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಅವತ್ತೂ ನೀವು ಬಂದು ವರಾಂಡದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಿರಂತೆ. ನರ್ಸು "ಒಂದ್ಕಡೆ ಕುಂದ್ರಿ ಅಂದ್ರೂ ಕುಂದ್ರಲಿಲ್ರಿ" ಎಂದು ದೂರು ಹೇಳಿದರು. ನನ್ನ ದಾರಿ ಮುಚ್ಚಿಕೊಳ್ಳುವುದು ಎರಡು ಕಡೆ, ಅಂಗುಳಿನಲ್ಲಿ ಮತ್ತು ನಾಲಿಗೆಯ ಬುಡದಲ್ಲಿ. ಅಂಗುಳು ಮಾತ್ರ ಕತ್ತರಿಸಿದರೆ ಅರ್ಧ ಬಾಗಿಲು ತೆರೆದ ಹಾಗೆ, ನೋವೆಲ್ಲ ತಿಂದೂ ಗುಣವಾಗದೆ ಇರಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ದವಡೆಯದು ಆಗುತ್ತದೆ, ಆದರೆ ಅದು ದೊಡ್ಡದು, ಬೇರೆ ದಾರಿಯಿರುವಾಗ ಮೊದಲೇ ಅದಕ್ಕೆ ಹೋಗುವುದು ಬೇಡ ಎಂದರು.

ಹೊರಗೆ ಬಂದಾಗ ನೀವು ಕೇಳಿದಿರಿ. "ಕೊಯ್ಸಿಕೊಳ್ಳೋದಾದ್ರ ಕೊಯ್ಸಿಕೋ, ನಾ ಇಲ್ಲೇ ಬಿದ್ದಿರ್ತೀನಿ. ಅಷ್ಟು ಹಟ ಯಾತಕ್ಕ, ಅದೊಂದು ಹೇಳು." ಸ್ಕೂಟರಿನ ಮೇಲೆ ಕಣ್ಣು ಹತ್ತಿದ್ದರ ಸಲುವಾಗಿ ಎಂದೆ. ನೀವು ನಂಬಲಿಲ್ಲ ಎಂದು ಮುಖ ನೋಡಿದರೇ ತಿಳಿಯಿತು. ನಂತರ ಬಸ್ಸು ಬಂತು, ನಾನು ಹತ್ತಿದೆ.

ಹನ್ನೆರಡನೆಯ ತಾರೀಖನ್ನು ಬಿಡಿಸಿದ್ದೇನೆ. ಯಂತ್ರ ತಂದಿದ್ದೇನೆ, ಒಂದು ತಿಂಗಳ ಬಾಡಿಗೆಗೆ. ಒಗ್ಗದಿದ್ದರೆ ದವಡೆಯ ಮಾತು ಮತ್ತೆ ಎತ್ತೋಣ ಎಂದಿದ್ದಾರೆ ಡಾಕ್ಟರು. ಮೊದಲ ಸಲ ಹಾಕಿಕೊಂಡಾಗ ಉಸಿರು ಕಟ್ಟಿದಂತಾಗಿ ಕಿತ್ತೆಸೆದೆ. ಎದ್ದು ಪಾತ್ರೆ ತೊಳೆದೆ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಮರುದಿನ ಮೂಗಿನ ಮೇಲೆ ಬರೆ. ಶಾಲೆಯಲ್ಲಿ ಏನಾಯ್ತ್ರಿ ಎಂದು ಕೇಳಿದವರಿಗೆಲ್ಲ ಕನ್ನಡಕ ಬದಲಾಯಿಸಿದೆ ಎಂದೆ. ಆದರೆ ನಿನ್ನೆ ಹಾಲಿನವನು ಬಾಗಿಲು ಬಡಿಯುವವರೆಗೆ ಎಚ್ಚರವೇ ಆಗಲಿಲ್ಲ. ಎದ್ದು ಕೂತರೆ ತಲೆ ಹಗುರ. ಒಳಗೆ ಯಾರೋ ಕಸ ಗುಡಿಸಿ ಹೋದಂತಿತ್ತು. ಕಾವ್ಯಳಿಗೆ ಫೋನು ಮಾಡಿ ಸುಮ್ಮನೆ ನಕ್ಕೆ. ಅವಳು ಹೆದರಿದಳು.

ಜಾಳಿಗೆಗೆ ಕೆಂಪು ಧೂಳು ಕೂರುತ್ತದೆ, ಅದು ಸುಳ್ಳಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಒರೆಸುತ್ತೇನೆ, ಹೋಗುತ್ತದೆ. ಕರೆಂಟು ಹೋದಾಗ ಎದ್ದು ಕೂರುತ್ತೇನೆ. ಇನ್ನೂ ಪೂರ್ತಿ ನೆಮ್ಮದಿ ಅಂತೇನೂ ಇಲ್ಲ. ಇದು ಎಷ್ಟು ದಿನ, ಸಾಯುವವರೆಗೂ ಹೀಗೆಯೇ ಕಟ್ಟಿಕೊಂಡು ಮಲಗಬೇಕೇ ಎಂದು ಯೋಚನೆ ಬಂದರೆ ಹೊರಗೆ ಹೋಗಿ ಓಣಿಯ ತುದಿಯವರೆಗೆ ನಡೆದು ಬರುತ್ತೇನೆ. ಆದರೂ ತರಗತಿಯಲ್ಲಿ ತ್ರಿಕೋನಗಳು ತ್ರಿಕೋನಗಳಾಗಿಯೇ ಇವೆ.

ಅತ್ತೆಗೆ ನಮಸ್ಕಾರ ಹೇಳಿ. ಕಣ್ಣಿನ ಆಪರೇಷನ್ ವಿಷಯ ನನಗೆ ಯಾರೂ ಹೇಳಿರಲೇ ಇಲ್ಲ. ಸೊಸೆಗೆ ತಿಳಿಸಬಹುದಿತ್ತು ಎಂದೂ ಹೇಳಿ. ಸುಗ್ಗಿಯಲ್ಲಿ ಊಟ ಬಿಟ್ಟು ದುಡಿಯಬೇಡಿ.

ನಿಮ್ಮ
ಗಂಗಾ

ಕೊನೆಗೆ ಇಷ್ಟು: ಆಪರೇಷನ್ ಬೇಡ, ಯಂತ್ರವೇ ಸಾಕು ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು, ಅದನ್ನು ನಿಮಗೆ ಬರೆದಿರಲಿಲ್ಲ. ಧೂಳು, ಕರೆಂಟು ಎಲ್ಲ ನೆಪ. ಅದನ್ನು ಹಾಕಿಕೊಂಡ ಮುಖ ಯಾರೂ ನೋಡಬಾರದು ಎಂದೆ. ಒಬ್ಬರೇ ಮಲಗುವವರಿಗೆ ಅದರ ನಾಚಿಕೆ ಯಾಕ್ರಿ ಎಂದು ಅವರು ಕೇಳಿದರು. ಕಂಪ್ಲಿಯಲ್ಲಿ ನಮ್ಮ ಮಂಚದ ತಲೆಯ ಕಡೆ ಪ್ಲಗ್ಗಿಲ್ಲ. ಒಂದು ಹಾಕಿಸಿ.